ಕರೆ ಬಾರದ ತಂಡ

ಫುಟ್‌ಬಾಲ್ ಎಂದರೆ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು, ಕಾಲಿನಿಂದ ಚೆಂಡು ಒದೆಯುವ ಆಟ. ಹೆಸರಿನಲ್ಲೇ ಕಾಲಿದೆ. ಆದರೆ ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡಿಗೆ ಕಾಲು ತಾಕುವುದೇ ಅಪರೂಪ. ಎರಡೂ ತುದಿ ಚೂಪಾದ ಚೆಂಡೊಂದನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಉಳಿದವರೆಲ್ಲ ಸೇರಿ ಅವನನ್ನು ಕೆಡವುತ್ತಾರೆ. ತಲೆಗೆ ಹೆಲ್ಮೆಟ್, ಭುಜಕ್ಕೆ ದಿಂಬಿನಂಥ ರಕ್ಷೆ. ಮೊದಲ ಸಲ ಟಿವಿಯಲ್ಲಿ ನೋಡಿದಾಗ ಇದು ಆಟವೋ, ಸಂತೆಯಲ್ಲಿ ಹೋರಿ ಬಿಚ್ಚಿಕೊಂಡ ಗಲಾಟೆಯೋ ಎಂದು ನನಗೆ ಅನುಮಾನವಾಗಿತ್ತು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗಳಿಗೆ. ಅಳಿಯ ಅರ್ಧ ಗಂಟೆ ವಿವರಿಸಿದ್ದರಲ್ಲಿ ನನ್ನ ತಲೆಗೆ ಹೋದದ್ದು ಇಷ್ಟು. ಈ ಬರಹಕ್ಕೆ ಇಷ್ಟು ಸಾಕು.

ಹೇಳಿ ಕೇಳಿ ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಇಂಥ ಆಟದ ಬಗ್ಗೆ ಬರೆಯಲು ಕೂತೆನೆಂದರೆ ಅದಕ್ಕೆ ಕಾರಣ 2023ರ ಬೇಸಿಗೆ ರಜೆ. ಮಗಳ ಮನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹೆಸರಿಗೆ ಬೇಸಿಗೆ, ಬೆಳಿಗ್ಗೆ ಎದ್ದರೆ ಮಂಜು, ಸ್ವೆಟರ್ ಇಲ್ಲದೆ ಬಾಗಿಲು ತೆಗೆಯುವ ಹಾಗಿಲ್ಲ. ಗೋಲ್ಡನ್ ಗೇಟ್ ಪಾರ್ಕಿನ ಮೂಲೆಯಲ್ಲಿ ಕೆಝಾರ್ ಸ್ಟೇಡಿಯಂ ಎಂದಿದೆ. ಅದರ ಓಟದ ದಾರಿ ಊರವರಿಗೆಲ್ಲ ತೆರೆದಿರುತ್ತದೆ. ಸೀರೆಯ ಮೇಲೆ ಮಗಳ ಜಾಕೆಟ್ಟು, ಕಾಲಿಗೆ ಅಳಿಯ ಕೊಡಿಸಿದ ಶೂ ಹಾಕಿಕೊಂಡು ನಾನೂ ಅಲ್ಲಿ ಸುತ್ತು ಹಾಕುತ್ತಿದ್ದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ, ಅದೊಂದು ಸುಖ. ನಮ್ಮೂರಲ್ಲಾಗಿದ್ದರೆ ‘ಏನ್ ಟೀಚರ್, ಶುಗರ್ ಬಂತಾ?’ ಎಂದು ಹತ್ತು ಜನ ಕೇಳಿರುತ್ತಿದ್ದರು.

ಆ ಮೈದಾನಕ್ಕೆ ಬಾಬ್ ಸೇಂಟ್ ಕ್ಲೇರ್ ಎಂಬ ಆಟಗಾರನ ಹೆಸರಿಟ್ಟಿದ್ದಾರೆ. ಯಾರಪ್ಪ ಇವನು ಎಂದು ಕೇಳಿದ್ದಕ್ಕೆ ಅಳಿಯ ಶುರುಮಾಡಿದ. ಆರು ಅಡಿ ಒಂಬತ್ತು ಅಂಗುಲದ ಆಳು, ಇದೇ ಊರಿನವನು, ಮಾಂಸವನ್ನು ಬೇಯಿಸದೆ ಹಸಿಯಾಗಿಯೇ ತಿನ್ನುತ್ತಿದ್ದವನು. ನಾನು ‘ಸಾಕು ಮಾರಾಯ, ತಿಂಡಿ ಹೊತ್ತು’ ಎಂದೆ. ಮುಂದೆ ಪಕ್ಕದ ಡೇಲಿ ಸಿಟಿಗೆ ಮೇಯರ್ ಕೂಡ ಆದನಂತೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅವನ ಊಟದ ಕಥೆಯಲ್ಲ, ಅವನು ಕಾಲೇಜಿನಲ್ಲಿ ಆಡಿದ ತಂಡದ ಕಥೆ. ಆಮೇಲೆ ಅಲ್ಲಿದ್ದ ಆರು ವಾರವೂ ಅದನ್ನೇ ಹುಡುಕಿ ಹುಡುಕಿ ಓದಿದೆ.

ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಜೆಸ್ಯುಯಿಟ್ ಪಾದ್ರಿಗಳು ನಡೆಸುವ ಸಂಸ್ಥೆ. ಗುಡ್ಡದ ಮೇಲೆ ಅವಳಿ ಗೋಪುರದ ಚರ್ಚು, ಸುತ್ತ ಕಟ್ಟಡಗಳು. ದೊಡ್ಡ ದುಡ್ಡಿನ ಸಂಸ್ಥೆಯಾಗಿರಲಿಲ್ಲ. ಅದರ ಫುಟ್‌ಬಾಲ್ ತಂಡಕ್ಕೆ ಡಾನ್ಸ್ ಎಂದು ಹೆಸರು. ಜೋ ಕುಹಾರಿಚ್ ಎಂಬ ಕಟ್ಟುನಿಟ್ಟಿನ ಕೋಚು. ಆಟಗಾರರಲ್ಲಿ ಹೆಚ್ಚಿನವರು ಕೂಲಿಕಾರರ, ವಲಸೆಗಾರರ ಮನೆಯ ಮಕ್ಕಳು. ಜೀನೋ ಮಾರ್ಕೆಟ್ಟಿ ಎಂಬವನು ಇಟಲಿಯಿಂದ ಬಂದ ದಂಪತಿಗಳ ಮಗ, ಹದಿನೆಂಟು ತುಂಬುತ್ತಿದ್ದಂತೆ ಸೈನ್ಯ ಸೇರಿ ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಹಿಮದಲ್ಲಿ ಹೋರಾಡಿ ಬಂದವನು. ಇವರ ನಡುವೆ ಇಬ್ಬರು ಕಪ್ಪು ಹುಡುಗರು: ಟೆಕ್ಸಾಸ್‌ನಲ್ಲಿ ಹುಟ್ಟಿದ ಆಲಿ ಮ್ಯಾಟ್ಸನ್, ಟೆನೆಸ್ಸಿಯ ಮೆಂಫಿಸ್‌ನಿಂದ ಬಂದ ಬರ್ಲ್ ಟೋಲರ್. ಇಬ್ಬರೂ ಮೊದಲು ಇದೇ ಊರಿನ ಸಿಟಿ ಕಾಲೇಜಿನಲ್ಲಿ ಒಟ್ಟಿಗೆ ಆಡಿ ಇಲ್ಲಿಗೆ ಬಂದವರು.

1951ರಲ್ಲಿ ಆ ತಂಡ ಒಂಬತ್ತು ಪಂದ್ಯ ಆಡಿತು, ಒಂಬತ್ತನ್ನೂ ಗೆದ್ದಿತು. ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ವಿಶ್ವವಿದ್ಯಾಲಯದ ಮೇಲೆ 32–26. ಅದೊಂದೇ ಏದುಸಿರು ಬಿಡಿಸಿದ ಪಂದ್ಯ. ಆ ದಿನ ಮ್ಯಾಟ್ಸನ್, ಎದುರಾಳಿಗಳು ದೂರಕ್ಕೆ ಒದ್ದ ಚೆಂಡನ್ನು ಹಿಡಿದು ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ, ಅಂದರೆ ಹೆಚ್ಚುಕಡಿಮೆ ಇಡೀ ಮೈದಾನದ ಉದ್ದ, ಒಬ್ಬನೇ ಓಡಿ ಅಂಕ ತಂದ. ಆ ವರ್ಷ ಅವನು ಚೆಂಡು ಹಿಡಿದು ಓಡಿ ಗಳಿಸಿದ ದೂರ 1,566 ಗಜ, ದೇಶದ ಕಾಲೇಜು ಆಟಗಾರರಲ್ಲೇ ಎಲ್ಲರಿಗಿಂತ ಹೆಚ್ಚು. ಲೆಕ್ಕ ಹಾಕಿದೆ, ಸುಮಾರು ಒಂದೂವರೆ ಕಿಲೋಮೀಟರು. ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಇರುವಷ್ಟು ದೂರ. ಇಷ್ಟೇನಾ ಎನ್ನಬೇಡಿ. ಪ್ರತಿ ಹೆಜ್ಜೆಗೂ ನಾಲ್ಕು ಜನ ದಾಂಡಿಗರು ಮೇಲೆ ಬೀಳುತ್ತಿದ್ದರೆ ಬಸ್ ಸ್ಟ್ಯಾಂಡು ಸೇರುವವರು ಯಾರು?

ನವೆಂಬರಿನಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ಎಂಬ ಬಲವಾದ ತಂಡವನ್ನು 47–14ರಲ್ಲಿ ಹಣ್ಣುಮಾಡಿದರು. ಕೊನೆಯದು ಲಯೋಲಾ ಕಾಲೇಜಿನ ಮೇಲೆ, ಪ್ಯಾಸಡೀನಾ ಊರಿನ ರೋಸ್ ಬೌಲ್ ಮೈದಾನದಲ್ಲಿ, 20–2. ಈ ಮೈದಾನದ ಹೆಸರು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿ ಒಂದು ಪದ್ಧತಿಯಿದೆ. ಕಾಲೇಜುಗಳ ಪಂದ್ಯಗಳೆಲ್ಲ ಮುಗಿದ ಮೇಲೆ ಹೊಸ ವರ್ಷದ ಹೊತ್ತಿಗೆ ‘ಬೌಲ್’ ಎಂಬ ಹೆಸರಿನ ದೊಡ್ಡ ಪಂದ್ಯಗಳು ನಡೆಯುತ್ತವೆ. ಆ ಕಾಲದಲ್ಲಿ ಅವಕ್ಕೆ ಅರ್ಜಿ ಹಾಕಿ ಹೋಗುವಂತಿರಲಿಲ್ಲ, ಅವರೇ ಕರೆಯಬೇಕು. ಮದುವೆಗೆ ಅಕ್ಷತೆ ಕೊಟ್ಟು ಕರೆದ ಹಾಗೆ. ಕರೆದರೆ ಮರ್ಯಾದೆ, ಜೊತೆಗೆ ಕಾಲೇಜಿಗೆ ಭಾರಿ ಹಣ. ಡಾನ್ಸ್ ತಂಡಕ್ಕೆ ಆ ಹಣ ಬೇಕೇ ಬೇಕಿತ್ತು. ಫುಟ್‌ಬಾಲಿನಿಂದ ವಿಶ್ವವಿದ್ಯಾಲಯಕ್ಕೆ ವರ್ಷವರ್ಷವೂ ನಷ್ಟ, ಇನ್ನು ನಡೆಸಲಾರೆವು ಎನ್ನುವ ಸ್ಥಿತಿ. ಒಂದು ದೊಡ್ಡ ಬೌಲ್ ಪಂದ್ಯ ಸಿಕ್ಕಿದರೆ ತಂಡ ಉಳಿಯುತ್ತದೆ ಎಂದು ಆಡುವ ಹುಡುಗರಿಗೂ ಗೊತ್ತಿತ್ತು.

ಆದರೆ ಆರೆಂಜ್ ಬೌಲ್ ನಡೆಯುವುದು ಮಯಾಮಿಯಲ್ಲಿ, ಶುಗರ್ ಬೌಲ್ ನ್ಯೂ ಆರ್ಲಿಯನ್ಸ್‌ನಲ್ಲಿ. ಎರಡೂ ದಕ್ಷಿಣದ ಊರುಗಳು. ಆಗ ಅಲ್ಲಿ ಬಸ್ಸಿನಲ್ಲಿ ಬೇರೆ ಸೀಟು, ಶಾಲೆ ಬೇರೆ, ನೀರಿನ ನಲ್ಲಿ ಕೂಡ ಬೇರೆ. ಕೋಚು ಬಂದು ಹುಡುಗರಿಗೆ ಹೇಳಿದ ಮಾತು ಇಷ್ಟು: ಆ ಇಬ್ಬರನ್ನು ಬಿಟ್ಟು ಬರುವುದಾದರೆ ಆರೆಂಜ್ ಬೌಲ್‌ಗೆ ಹೋಗಬಹುದು.

ಹುಡುಗರು ಹೋಗುವುದಿಲ್ಲ ಎಂದರು. ಆಮೇಲೆ ಮುದುಕರಾದ ಆಟಗಾರರು ಇದನ್ನು ಎಷ್ಟೋ ಸಲ ಹೇಳಿದ್ದಾರೆ, ಎಲ್ಲರದೂ ಒಂದೇ ಮಾತು. ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ, ಕೈ ಎತ್ತಿಸುವ ಅಗತ್ಯವೂ ಬೀಳಲಿಲ್ಲ ಎಂದು. ಹೊರಗಡೆಗೆ ಬೌಲ್‌ನವರು ಕೊಟ್ಟ ಕಾರಣ ಬೇರೆ. ಈ ತಂಡ ಆಡಿದ ಎದುರಾಳಿಗಳು ಅಷ್ಟೇನೂ ಗಟ್ಟಿಯಲ್ಲ ಎಂದರು. ನಾವು ಶಾಲೆಗಳಲ್ಲಿ ಇಂಥ ಕಾರಣಗಳನ್ನು ಕಂಡಿಲ್ಲವೆ? ಬೇಡದ ಮಗುವನ್ನು ನಾಟಕಕ್ಕೆ ಸೇರಿಸಿಕೊಳ್ಳದಿದ್ದಾಗ ‘ಉಚ್ಚಾರಣೆ ಸರಿಯಿಲ್ಲ’ ಎಂಬ ಮಾತು ಎಲ್ಲಿಂದಲೋ ಬಂದುಬಿಡುತ್ತದೆ. ಇವರ ಕೈಲಿ 47–14ರಲ್ಲಿ ಸೋತ ಪೆಸಿಫಿಕ್ ಕಾಲೇಜಿಗೆ ಟೆಕ್ಸಾಸ್‌ನ ಸನ್ ಬೌಲ್‌ನಿಂದ ಕರೆ ಬಂತು. ಸೋಲಿಸಿದವರು ಮನೆಯಲ್ಲಿ ಕೂತರು. ‘ಸೋಲಿಲ್ಲ, ಸಮವಿಲ್ಲ, ಕರೆಯೂ ಇಲ್ಲ’ ಎಂಬರ್ಥದ ಮೂರು ಪದಗಳಲ್ಲೇ ಇಂದಿಗೂ ಆ ತಂಡವನ್ನು ನೆನೆಯುತ್ತಾರೆ.

ಹಣ ಬರಲಿಲ್ಲ. ಪಂದ್ಯಗಳು ಮುಗಿದ ಮೇಲೆ ವಿಶ್ವವಿದ್ಯಾಲಯ ಆ ತಂಡವನ್ನೇ ಮುಚ್ಚಿತು. ಇನ್ನೂ ಓದು ಮುಗಿಯದಿದ್ದ ಬಾಬ್ ಸೇಂಟ್ ಕ್ಲೇರ್, ತನ್ನ ಹುಟ್ಟೂರು ಬಿಟ್ಟು ಒಕ್ಲಹೋಮಾದ ಟಲ್ಸಾ ವಿಶ್ವವಿದ್ಯಾಲಯಕ್ಕೆ ಹೋಗಿ ಕೊನೆಯ ವರ್ಷ ಆಡಬೇಕಾಯಿತು. ಹೋಗುವುದಿಲ್ಲ ಎಂಬ ಒಂದು ಮಾತಿಗೆ ಅವರು ತೆತ್ತ ಬೆಲೆ ಒಂದು ಪಂದ್ಯವಲ್ಲ, ಇಡೀ ತಂಡ. ಕಥೆ ಹೇಳುವವರು ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಕಿರಿಯ ವಿದ್ಯಾರ್ಥಿಗಳು, ಮುಂದಿನ ವರ್ಷ ಆಡುತ್ತೇವೆಂದು ಕಾದವರು, ಆಟದ ಬಲದಿಂದಲೇ ಓದುತ್ತಿದ್ದವರು ಇದ್ದರಲ್ಲ!

ನಾನು ಸಮಾಜದ ಟೀಚರಾದ್ದರಿಂದ ಇಸವಿ ಕಂಡರೆ ನಮ್ಮ ದೇಶದಲ್ಲಿ ಆಗ ಏನಾಗುತ್ತಿತ್ತು ಎಂದು ನೋಡುವ ಚಟ. ಅವರು ಆಡುತ್ತಿದ್ದ ಅದೇ ಅಕ್ಟೋಬರಿನಲ್ಲಿ ನಮ್ಮಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಶುರುವಾಗಿತ್ತು. ಸಂವಿಧಾನಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಇದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಎರಡು ಅಂಕಕ್ಕೆ ಕಲಿಯುತ್ತಾರೆ.

1998ರಲ್ಲಿ ನಾನು ನಮ್ಮ ಶಾಲೆಯ ಹುಡುಗಿಯರ ಥ್ರೋಬಾಲ್ ತಂಡವನ್ನು ಕರೆದುಕೊಂಡು ಬೇರೊಂದು ಊರಿಗೆ ಹೋಗಿದ್ದೆ. ಪಿ.ಟಿ. ಮೇಷ್ಟ್ರ ಜೊತೆ ಹೆಣ್ಣುಮಕ್ಕಳನ್ನು ಕಳಿಸುವಾಗ ಒಬ್ಬ ಟೀಚರೂ ಇರಬೇಕೆಂಬ ನಿಯಮ, ಆಗ ನಾನೇ ಎಲ್ಲರಿಗಿಂತ ಚಿಕ್ಕವಳು. ನಮ್ಮ ತಂಡ ಆ ವರ್ಷ ಬಲು ಚೆನ್ನಾಗಿತ್ತು. ತಾಲೂಕಿನಲ್ಲಿ ಒಂದು ಸೆಟ್ಟೂ ಬಿಟ್ಟುಕೊಡದೆ ಗೆದ್ದು ಬಂದಿದ್ದರು. ಹೊರಗಿನಿಂದ ಬಂದ ಮಕ್ಕಳಿಗೆ ಅಲ್ಲಿನ ಶಾಲೆಯ ಕೊಠಡಿಗಳಲ್ಲೇ ವಸತಿ. ಸೊಳ್ಳೆ, ಒಡೆದ ಕಿಟಕಿ, ಬಚ್ಚಲಿಗೆ ಚಿಲಕವಿಲ್ಲ. ಹೆಣ್ಣುಮಕ್ಕಳೆಂದು ಮರುಗಿ ಊರಿನ ದೊಡ್ಡ ಮನೆಯವರೊಬ್ಬರು, ನಮ್ಮ ಮನೆಗೆ ಬನ್ನಿ, ತೊಟ್ಟಿ ತುಂಬ ಜಾಗವಿದೆ, ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ ಎಂದು ಕರೆದರು. ನಾವೂ ಹೋದೆವು.

ಆ ಮನೆಯ ಅಜ್ಜಿ ಮಕ್ಕಳಿಗೆ ಮಜ್ಜಿಗೆ ಕೊಡುತ್ತಾ ಒಬ್ಬೊಬ್ಬರದೇ ಹೆಸರು, ತಂದೆಯ ಹೆಸರು, ಯಾವ ಬೀದಿ, ಏನು ಕೆಲಸ ಎಂದು ಅಕ್ಕರೆಯಿಂದಲೇ ಕೇಳಿದರು. ಕೇಳಿ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ನೋಡಮ್ಮ, ಆ ಇಬ್ರು ಮಕ್ಕಳಿಗೆ ಕೊಟ್ಟಿಗೆ ಜಗಲಿ ಮೇಲೆ ಎಲೆ ಹಾಕಿಸ್ತೀನಿ, ಅಲ್ಲೇ ಮಲಗ್ಲಿ, ಕಂಬಳಿ ಕೊಡ್ತೀನಿ. ನಾನೇನು ಬಯ್ತಾ ಇಲ್ವಲ್ಲ’ ಎಂದರು. ಬಯ್ದಿರಲಿಲ್ಲ, ಅದು ನಿಜ. ಧ್ವನಿಯೂ ಏರಿರಲಿಲ್ಲ. ‘ಹಾಗಾದ್ರೆ ನಾವೆಲ್ಲ ಅಲ್ಲೇ ಊಟ ಮಾಡ್ತೀವಿ ಅಮ್ಮ’ ಎಂದು ನಾನು ಹೇಳುವಷ್ಟರಲ್ಲಿ ಕ್ಯಾಪ್ಟನ್ ಹುಡುಗಿ ತನ್ನ ಚೀಲ ಹೆಗಲಿಗೆ ಹಾಕಿಕೊಂಡಾಗಿತ್ತು. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ‘ಮಿಸ್, ಸ್ಕೂಲಿಗೇ ಹೋಗೋಣ’ ಎಂದಳು, ಅಷ್ಟೇ. ಒಬ್ಬೊಬ್ಬರೇ ಎದ್ದರು. ಅರ್ಧ ಕುಡಿದ ಮಜ್ಜಿಗೆ ಲೋಟಗಳು ಸಾಲಾಗಿ ಉಳಿದವು.

ರಾತ್ರಿ ಅಂಗಡಿಯಿಂದ ಬನ್ನು, ಬಾಳೆಹಣ್ಣು ತಂದು ತಿಂದೆವು. ಬೆಂಚು ಜೋಡಿಸಿ ಮಲಗಿದರೂ ಸೊಳ್ಳೆ ಕಾಟಕ್ಕೆ ಯಾರೂ ಕಣ್ಣು ಮುಚ್ಚಲಿಲ್ಲ. ಮಾರನೆ ದಿನ ಬೆಳಿಗ್ಗೆಯ ಪಂದ್ಯದಲ್ಲಿ ನೇರ ಎರಡು ಸೆಟ್‌ಗಳಲ್ಲಿ ಸೋತರು. ಅವರಿಗಿಂತ ಎಷ್ಟೋ ಕಡಿಮೆ ಆಡುವ ತಂಡದ ಕೈಲಿ. ಊರಿಗೆ ಬಂದ ಮೇಲೆ ‘ಬಿಸಿನೀರು ಬಿಟ್ಟು ಬಂದ್ರಂತೆ, ಸೋತ್ರಂತೆ’ ಎಂದು ಕೆಲವು ತಾಯಂದಿರು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಇಬ್ಬರು ಹುಡುಗಿಯರು. ವಾಪಸು ಬರುವ ಬಸ್ಸಿನಲ್ಲಿ ಉಳಿದವರೆಲ್ಲ ಸೋಲು ಮರೆತು ಅಂತ್ಯಾಕ್ಷರಿ ಹಾಡುತ್ತಿದ್ದರೆ ಇವರಿಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಒಂದು ವಾರವಾದ ಮೇಲೆ, ಸ್ಟಾಫ್ ರೂಮಿಗೆ ನೋಟ್‌ಬುಕ್ಕು ತಂದಿಟ್ಟ ಒಬ್ಬಳನ್ನು ಯಾಕಮ್ಮ ಮಂಕಾಗಿದೀಯ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ನಿಮ್ಮಿಂದ ಸೋತ್ವಿ ಅಂತ ಯಾರೂ ಅನ್ನಲಿಲ್ಲ ಮಿಸ್. ಅಂದಿದ್ರೆ ಜಗಳ ಆಡಬಹುದಿತ್ತು.’

ಹದಿನಾಲ್ಕು ವರ್ಷದ ಹುಡುಗಿ ಆಡಿದ ಈ ಮಾತು, ಆ ತಂಡದ ಬಗ್ಗೆ ಓದುವಾಗ ಪದೇ ಪದೇ ಎದ್ದು ಬರುತ್ತಿತ್ತು. ಬಿಟ್ಟುಕೊಟ್ಟವರ ದೊಡ್ಡತನವನ್ನು ಎಲ್ಲರೂ ಬರೆಯುತ್ತಾರೆ, ಬರೆಯಲೇಬೇಕು. ಆದರೆ ಯಾರಿಗಾಗಿ ಬಿಟ್ಟರೋ ಅವರು ಆ ಭಾರವನ್ನು ಎಲ್ಲಿ ಇಳಿಸಬೇಕು? ಮ್ಯಾಟ್ಸನ್ ಆಗಲಿ, ಟೋಲರ್ ಆಗಲಿ ನಮಗಾಗಿ ಇದನ್ನು ಮಾಡಿ ಎಂದು ಕೇಳಿರಲಿಲ್ಲ. ಮುಚ್ಚಿದ್ದು ಅವರದೂ ತಂಡವೇ. ಅವರೂ ಆ ಒಂಬತ್ತು ಪಂದ್ಯಗಳಲ್ಲಿ ಮೈ ಮುರಿದು ಆಡಿದವರೇ. ಅಪರಾಧ ಮಾಡಿದವರು ಮಯಾಮಿಯಲ್ಲಿ ಆರಾಮವಾಗಿ ತಮ್ಮ ಪಂದ್ಯ ನಡೆಸಿಕೊಂಡರು. ಭಾರ ಉಳಿದದ್ದು ಈ ಹುಡುಗರ ನಡುವೆ.

ಮ್ಯಾಟ್ಸನ್ ಏನೋ ಓಡಿಬಿಟ್ಟ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ. ನಮ್ಮ ಕೆ.ಡಿ. ಜಾಧವ್ ಕುಸ್ತಿಯಲ್ಲಿ ಕಂಚು ತಂದದ್ದೂ ಅಲ್ಲೇ. ಅವರನ್ನು ಕಳಿಸಲು ಕೊಲ್ಲಾಪುರದ ಅವರ ಕಾಲೇಜಿನ ಪ್ರಿನ್ಸಿಪಾಲರು ಮನೆಯನ್ನೇ ಅಡವಿಟ್ಟಿದ್ದರು. (ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಸ್ವಲ್ಪ ಜಂಬ, ನಮ್ಮ ಜಾತಿಯವರು ಎಂದು. ಮೇಷ್ಟ್ರ ಜಾತಿ.) ಆಮೇಲೆ ಮ್ಯಾಟ್ಸನ್ ವೃತ್ತಿಪರ ಆಟಗಾರನಾದ. 1959ರಲ್ಲಿ ಒಂದು ತಂಡ ಅವನೊಬ್ಬನನ್ನು ಪಡೆಯಲು ಎದುರು ತಂಡಕ್ಕೆ ಒಂಬತ್ತು ಜನರನ್ನು ಕೊಟ್ಟಿತು. ಮಾರ್ಕೆಟ್ಟಿ ದೊಡ್ಡ ಹೆಸರು ಮಾಡಿ, ‘ಜೀನೋಸ್’ ಎಂಬ ಹ್ಯಾಂಬರ್ಗರ್ ಅಂಗಡಿಗಳ ಸಾಲನ್ನೇ ಕಟ್ಟಿದ. ಇವರಿಬ್ಬರು ಮತ್ತು ನಮ್ಮ ಹಸಿಮಾಂಸದ ಸೇಂಟ್ ಕ್ಲೇರ್, ಮೂವರೂ ಆ ಆಟದ ಅತ್ಯುನ್ನತ ಗೌರವದ ಪಟ್ಟಿಗೆ ಸೇರಿದರು. ಒಂದೇ ಕಾಲೇಜು ತಂಡದಿಂದ ಮೂವರು! ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಪೀಟ್ ರೋಜೆಲ್ ಎಂಬ ಯುವಕ 1960ರಲ್ಲಿ ಇಡೀ ವೃತ್ತಿಪರ ಫುಟ್‌ಬಾಲ್ ಲೀಗಿನ ಮುಖ್ಯಸ್ಥನಾದ.

ಬರ್ಲ್ ಟೋಲರ್‌ಗೆ ಈ ಯಾವುದೂ ಸಿಗಲಿಲ್ಲ. ವೃತ್ತಿಪರ ತಂಡವೊಂದು ಆರಿಸಿಕೊಂಡಿತ್ತು. ಆದರೆ 1952ರಲ್ಲಿ ಷಿಕಾಗೋದಲ್ಲಿ ನಡೆದ ಪ್ರದರ್ಶನ ಪಂದ್ಯದಲ್ಲಿ ಮೊಣಕಾಲು ಮುರಿಯಿತು, ಆಟ ಅಲ್ಲಿಗೆ ಮುಗಿಯಿತು. ಅವರು ಊರಿಗೆ ಮರಳಿ ಮೇಷ್ಟ್ರಾದರು. (ಇಲ್ಲಿಂದ ಮುಂದೆ ಏಕವಚನ ಬಾಯಿಗೆ ಬರುವುದಿಲ್ಲ.) ಬೆಂಜಮಿನ್ ಫ್ರಾಂಕ್ಲಿನ್ ಶಾಲೆಯಲ್ಲಿ ಪಾಠ ಮಾಡಿದರು, ಮುಂದೆ ಅಲ್ಲೇ ಮುಖ್ಯೋಪಾಧ್ಯಾಯರಾದರು. ಆ ನಗರದ ಪ್ರೌಢ ಹಂತದ ಶಾಲೆಗಳಲ್ಲಿ ಆ ಹುದ್ದೆಗೆ ಬಂದ ಮೊದಲ ಕಪ್ಪು ವ್ಯಕ್ತಿ ಅವರು. 1965ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್ ಅವರನ್ನು ಅಂಪೈರುಗಳ ಬಳಗಕ್ಕೆ ಸೇರಿಸಿಕೊಂಡಿತು. ಅದಕ್ಕೂ ಮುಂಚೆ ಅಲ್ಲಿ ಒಬ್ಬ ಕಪ್ಪು ಮನುಷ್ಯನ ಕೈಗೂ ಸೀಟಿ ಕೊಟ್ಟಿರಲಿಲ್ಲ. ವಾರಪೂರ್ತಿ ಶಾಲೆ, ಭಾನುವಾರ ಮೈದಾನ. ಸೋಮವಾರ ಬೆಳಿಗ್ಗೆ ಮತ್ತೆ ಪ್ರಾರ್ಥನೆಯ ಗಂಟೆ ಎಂದು ನಾನು ಕಲ್ಪಿಸಿಕೊಂಡೆ, ಅಮೆರಿಕದ ಶಾಲೆಯಲ್ಲಿ ಪ್ರಾರ್ಥನೆ ಇರುವುದಿಲ್ಲ ಎಂದು ಮಗಳು ತಿದ್ದಿದಳು. ಇರಲಿ, ಏನೋ ಒಂದು ಗಂಟೆ ಹೊಡೆದೇ ಹೊಡೆದಿರುತ್ತದೆ.

1980ರ ಜನವರಿಯಲ್ಲಿ, ಆ ಆಟದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ತೀರ್ಪು ಕೊಡಲು ನಿಂತ ಮೊದಲ ಕಪ್ಪು ಅಧಿಕಾರಿಯೂ ಅವರೇ. ಆ ವರ್ಷ ಪಂದ್ಯ ನಡೆದದ್ದು ಪ್ಯಾಸಡೀನಾದ ರೋಸ್ ಬೌಲ್ ಮೈದಾನದಲ್ಲಿ. ಡಾನ್ಸ್ ತಂಡ ತನ್ನ ಒಂಬತ್ತನೆಯ ಗೆಲುವು ಪಡೆದ ಮೈದಾನ. ಅವರ ಗೆಳೆಯರೆಲ್ಲ ಬಿಟ್ಟುಕೊಟ್ಟ ಬೌಲ್ ಪಂದ್ಯ ಅವರ ಪಾಲಿಗೆ ಇಪ್ಪತ್ತೆಂಟು ವರ್ಷ ತಡವಾಗಿ, ಬೇರೆ ಅಂಗಿಯಲ್ಲಿ ಬಂತು.

ವಿಶ್ವವಿದ್ಯಾಲಯ ಆ ತಂಡದಲ್ಲಿ ಬದುಕಿ ಉಳಿದಿದ್ದವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 2006ರಲ್ಲಿ. ಐವತ್ತೈದು ವರ್ಷ! ಅಷ್ಟು ಹೊತ್ತಿಗೆ ಎಷ್ಟೋ ಕುರ್ಚಿಗಳು ಖಾಲಿಯಾಗಿದ್ದವು. ಸಂಸ್ಥೆಗಳ ಗಡಿಯಾರ ಎಲ್ಲ ಕಡೆಯೂ ನಿಧಾನ. ಟೋಲರ್ ಅದೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲೂ ಇದ್ದವರು. ಅವರು ಕಲಿಸಿದ ಶಾಲೆಯ ಆವರಣಕ್ಕೆ ಅವರ ಹೆಸರು ಬಂತು. 2009ರಲ್ಲಿ ತೀರಿಕೊಂಡರು.

ವಾಪಸು ಹೊರಡುವ ವಾರ ಮಗಳನ್ನು ಹೊರಡಿಸಿಕೊಂಡು ಆ ಗುಡ್ಡ ಹತ್ತಿದೆ. ಅಲ್ಲೊಂದು ವಿದ್ಯಾರ್ಥಿನಿಲಯವಿದೆ. ಅದಕ್ಕೆ ಮೊದಲು ಜೇಮ್ಸ್ ಫೀಲನ್ ಎಂಬವರ ಹೆಸರಿತ್ತು. ಊರಿನ ಮೇಯರಾಗಿ, ಸೆನೆಟರಾಗಿ ಮೆರೆದವರು. ಕ್ಯಾಲಿಫೋರ್ನಿಯಾವನ್ನು ಬಿಳಿಯರದ್ದಾಗಿಯೇ ಉಳಿಸುವೆನೆಂದು ಘೋಷಣೆ ಕೂಗಿ 1920ರ ಚುನಾವಣೆಗೆ ನಿಂತವರು. ಏಷ್ಯಾದವರನ್ನು ಕಂಡರೆ ಆಗದು. ಅವರ ಮಾತು ನಡೆದಿದ್ದರೆ ನನ್ನ ಮಗಳ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರಲಿಲ್ಲ. ವಿದ್ಯಾರ್ಥಿಗಳು ಪಟ್ಟು ಹಿಡಿದು ಕೇಳಿದ ಮೇಲೆ 2017ರಲ್ಲಿ ಆ ಹೆಸರು ತೆಗೆದು ಬರ್ಲ್ ಟೋಲರ್ ಹಾಲ್ ಎಂದು ಹೆಸರಿಟ್ಟರು.

ನಾವು ಹೋದಾಗ ಪರೀಕ್ಷೆ ಮುಗಿದು ಮಕ್ಕಳು ಊರಿಗೆ ಹೊರಟಿದ್ದರು. ಬಾಗಿಲ ಮುಂದೆ ಕಾರುಗಳ ಸಾಲು. ಎಲ್ಲ ಬಣ್ಣದ ಮಕ್ಕಳು ರಟ್ಟಿನ ಪೆಟ್ಟಿಗೆ, ಮೇಜಿನ ದೀಪ, ಕೊಳೆಬಟ್ಟೆಯ ಚೀಲ ಹೊತ್ತುಕೊಂಡು ಇಳಿದು ಬರುತ್ತಿದ್ದರು. ನನ್ನ ವಯಸ್ಸಿನ ಒಬ್ಬಾಕೆ ಎರಡು ದಿಂಬು ಕಂಕುಳಲ್ಲಿಟ್ಟುಕೊಂಡು, ಡಿಕ್ಕಿಯಲ್ಲಿ ಜಾಗವಿಲ್ಲದೆ, ಮಗನನ್ನು ಬಯ್ಯುತ್ತಾ ನಿಂತಿದ್ದಳು.